ನೀಲಿ ಟ್ಯಾಗು, 12 ವೋಲ್ಟಿನ ಬಾಗಿಲು: ಫ್ಲಾಟುಗಳ ಆಕ್ಸೆಸ್ ಸೆಟ್ಟಿನ ವಿಮರ್ಶೆ

ಕಾಸರಗೋಡಿನ ಬ್ಯಾಂಕ್ ರೋಡು, ವಿದ್ಯಾನಗರ, ಆಚೆ ಕುಂಬಳೆ, ಉಪ್ಪಳದ ಫ್ಲಾಟುಗಳ ಮುಂಬಾಗಿಲಲ್ಲಿ ಹೆಚ್ಚಾಗಿ ಕಾಣಸಿಗುವ ಸೆಟ್ಟು ಇದು: ಹೊರಗೋಡೆಗೆ ನಂಬರ್ ಪ್ಯಾಡ್ ಇರುವ ರೀಡರ್, ಬಾಗಿಲ ಮೇಲ್ಚೌಕಟ್ಟಿಗೆ 600 ಪೌಂಡ್ ಹಿಡಿತದ ಮ್ಯಾಗ್ನೆಟಿಕ್ ಲಾಕ್, ಒಳಗೆ 12 ವೋಲ್ಟಿನ ಪವರ್ ಸಪ್ಲೈ ಡಬ್ಬಿ, ಅದರೊಳಗೊಂದು 7 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ, ಎಕ್ಸಿಟ್ ಬಟನ್, ಹಸಿರು ಎಮರ್ಜೆನ್ಸಿ ಡಬ್ಬಿ, ಮತ್ತೆ ರೀಡರಿಗೆ ತೋರಿಸಿದರೆ ಬಾಗಿಲು ತೆರೆಯುವ, ಕೀ ಗೊಂಚಲಿಗೆ ಹಾಕಿಕೊಳ್ಳುವ ಒಂದು ಕಟ್ಟು ನೀಲಿ ಟ್ಯಾಗು. ಒಂದೇ ಬಗೆಯ ಸರಕು ಹತ್ತಾರು ಹೆಸರಿನಲ್ಲಿ ಮಾರಾಟವಾಗುವುದರಿಂದ ಕಂಪೆನಿಯ ಹೆಸರು ನೋಡಿ ಕೊಳ್ಳುವುದರಲ್ಲಿ ದೊಡ್ಡ ಅರ್ಥವಿಲ್ಲ. ಒಳಗೇನಿದೆ, ಹೇಗೆ ಕೂರಿಸುತ್ತಾರೆ, ಆಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂಬ ಮೂರು ವಿಷಯ ನೋಡಬೇಕು.

ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಇಪ್ಪತ್ತು ಮೂವತ್ತು ಮನೆಗಳ ಕಟ್ಟಡಕ್ಕೆ ಈ ಸೆಟ್ಟು ಸಾಕು, ಹಾಕಿಸಬಹುದು. ಆದರೆ ಯಾವ ಟ್ಯಾಗು ಯಾರ ಕೈಯಲ್ಲಿದೆ ಎಂದು ಬರೆದಿಡಲು ಅಸೋಸಿಯೇಶನ್ನಿನಲ್ಲಿ ಒಬ್ಬರಾದರೂ ಒಪ್ಪಿಕೊಂಡ ಮೇಲೆಯೇ ಹಾಕಿಸಿ. ಆ ರಿಜಿಸ್ಟರ್ ಇಲ್ಲದ ಕಟ್ಟಡದಲ್ಲಿ ಎರಡು ವರ್ಷ ಕಳೆಯುವಷ್ಟರಲ್ಲಿ ಬಾಗಿಲು ಯಾರಿಗೆಲ್ಲ ತೆರೆಯುತ್ತದೆ ಎಂದು ಹೇಳಬಲ್ಲವರು ಯಾರೂ ಉಳಿದಿರುವುದಿಲ್ಲ.

ಟ್ಯಾಗಿನಿಂದ ಶುರುಮಾಡೋಣ. ಅದರ ಒಳಗಿರುವುದು ಕೂದಲೆಳೆಯಷ್ಟು ತೆಳು ತಾಮ್ರದ ತಂತಿಯ ಸುರುಳಿ ಮತ್ತು ಎಳ್ಳುಕಾಳಿನಷ್ಟು ದೊಡ್ಡ ಎಲೆಕ್ಟ್ರಾನಿಕ್ ಚಿಪ್ಪು, ಅಷ್ಟೇ. ಬ್ಯಾಟರಿ ಇಲ್ಲ. ರೀಡರ್ ಸದಾ ಹೊರಡಿಸುವ ಕಾಂತಕ್ಷೇತ್ರದಿಂದ ಸುರುಳಿಯಲ್ಲಿ ಸ್ವಲ್ಪ ಕರೆಂಟು ಹುಟ್ಟುತ್ತದೆ, ಆ ಕರೆಂಟಿನಲ್ಲಿ ಚಿಪ್ಪು ಎಚ್ಚರಗೊಂಡು ತನ್ನ ನಂಬರ್ ಹೇಳುತ್ತದೆ. ಆದ್ದರಿಂದ ‘ಟ್ಯಾಗಿನ ಬ್ಯಾಟರಿ ಮುಗಿದಿದೆ’ ಎಂದು ಯಾರಾದರೂ ಹೊಸದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ. ಮೊಬೈಲಿನ ಹತ್ತಿರ ಇಟ್ಟರೆ ಅಳಿಸಿಹೋಗುತ್ತದೆ ಎಂಬುದೂ ತಪ್ಪು. ಅದು ಕಪ್ಪು ಪಟ್ಟಿಯ ಹಳೆಯ ಎಟಿಎಂ ಕಾರ್ಡಿನ ಕಾಯಿಲೆ, ಇದಕ್ಕಿಲ್ಲ. ಟ್ಯಾಗು ನಿಜವಾಗಿ ಸಾಯುವುದು ಸುರುಳಿಯ ತಂತಿ ಕಡಿದಾಗ: ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿದರೆ, ಕೀ ಬಳೆಯ ತೂತು ಹರಿದು ಸೀಳು ಚಿಪ್ಪಿನ ತನಕ ಹೋದರೆ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿದ್ದು ಅಂಟು ಬಿಟ್ಟರೆ.

ಓದದೆ ಇರುವುದಕ್ಕೆ ಇನ್ನೊಂದು ಕಾರಣ ಬಹಳ ಸಾಮಾನ್ಯ, ಆದರೆ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಫ್ಲಾಟಿನ ಟ್ಯಾಗು, ಆಫೀಸಿನ ಟ್ಯಾಗು ಎರಡೂ ಒಂದೇ ಗೊಂಚಲಲ್ಲಿದ್ದರೆ 125 ಕಿಲೋಹರ್ಟ್ಸ್ ಬಗೆಯಲ್ಲಿ (ರೀಡರ್ ಮತ್ತು ಟ್ಯಾಗು ಮಾತಾಡುವ ಆವರ್ತನ ಅದು) ಎರಡೂ ಒಟ್ಟಿಗೆ ಮಾತಾಡುತ್ತವೆ. ಒಂದನ್ನು ಸುಮ್ಮನಿರಿಸಿ ಇನ್ನೊಂದನ್ನು ಕೇಳುವ ಏರ್ಪಾಡು ಈ ಅಗ್ಗದ ಚಿಪ್ಪುಗಳಲ್ಲಿ ಇಲ್ಲ. ರೀಡರಿಗೆ ಯಾವುದೂ ಅರ್ಥವಾಗುವುದಿಲ್ಲ. ಒಂದನ್ನು ಬೆರಳಿನಿಂದ ಬೇರೆ ಮಾಡಿ, ಕಬ್ಬಿಣದ ಕೀಗಳಿಂದಲೂ ದೂರ ಹಿಡಿದು, ರೀಡರಿನ ಮುಖಕ್ಕೆ ಚಪ್ಪಟೆಯಾಗಿ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಅರೆಕ್ಷಣ ನಿಲ್ಲಿಸಿ. ಉಜ್ಜುವುದು, ಕುಟ್ಟುವುದು ಬೇಡ. ಕುಟ್ಟಿ ಕುಟ್ಟಿ ನಂಬರ್ ಪ್ಯಾಡಿನ ಮುಖ ಒಡೆದು ಮಳೆನೀರು ಒಳಗಿಳಿಯುತ್ತದೆ.

ಈಗ ಮುಖ್ಯ ಸಂಗತಿ. ನೀಲಿ ಟ್ಯಾಗುಗಳಲ್ಲಿ ಹೆಚ್ಚಿನವು 125 ಕಿಲೋಹರ್ಟ್ಸಿನವು, ಒಳಗೆ ಇಎಂ4100 ಬಗೆಯ ಚಿಪ್ಪು. ಅದಕ್ಕೆ 40 ಬಿಟ್ಟಿನ (ಸೊನ್ನೆ, ಒಂದುಗಳ 40 ಅಂಕಿಯ) ಒಂದು ಸಂಖ್ಯೆ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಕೇಳಿದವರಿಗೆಲ್ಲ ಅದನ್ನು ಹೇಳುತ್ತದೆ, ಕೇಳಿದ್ದು ಯಾರೆಂದು ವಿಚಾರಿಸುವುದಿಲ್ಲ. ಟಿ5577 ಎಂಬ ಮತ್ತೆ ಬರೆಯಬಹುದಾದ ಚಿಪ್ಪಿರುವ ಖಾಲಿ ಟ್ಯಾಗಿಗೆ ಅದೇ ಸಂಖ್ಯೆಯನ್ನು ಕೂರಿಸಲು ಅಂಗೈಯಗಲದ ಯಂತ್ರ ಸಾಕು, ಒಂದು ನಿಮಿಷವೂ ಬೇಡ. ಅದಕ್ಕಿಂತ ಸುಲಭದ ದಾರಿ ಟ್ಯಾಗಿನ ಮೈಮೇಲೆಯೇ ಇದೆ. ಹಲವು ಟ್ಯಾಗುಗಳ ಮೇಲೆ 10 ಅಂಕಿಯ ಸಂಖ್ಯೆ ಕೊರೆದಿರುತ್ತದೆ, ಕೆಲವದರಲ್ಲಿ ಪಕ್ಕದಲ್ಲಿ ಅಲ್ಪವಿರಾಮ ಹಾಕಿದ ಎರಡನೆಯ ಸಂಖ್ಯೆಯೂ ಇರುತ್ತದೆ. ಉದಾಹರಣೆಗೆ 0001234567 ಮತ್ತು 018,54919. ಎರಡೂ ಒಂದೇ: 18ನ್ನು 65536ರಿಂದ ಗುಣಿಸಿ 54919 ಕೂಡಿಸಿದರೆ 1234567. ಬಹಳಷ್ಟು ರೀಡರುಗಳು ಹೋಲಿಸಿ ನೋಡುವುದು ಈ ಸಂಖ್ಯೆಯನ್ನೇ. ಅಂದರೆ ಟ್ಯಾಗಿನ ಫೋಟೋ ಸಿಕ್ಕಿದವರಿಗೆ ಟ್ಯಾಗೇ ಸಿಕ್ಕಿದ ಹಾಗೆ. ‘ಪಾರ್ಕಿಂಗಿನಲ್ಲಿ ಟ್ಯಾಗು ಸಿಕ್ಕಿದೆ, ಯಾರದ್ದು?’ ಎಂದು ನಂಬರ್ ಕಾಣುವ ಹಾಗೆ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವವರ ಮನಸ್ಸು ಒಳ್ಳೆಯದೇ, ಕೆಲಸ ಅಪಾಯದ್ದು. ಸಿಕ್ಕಿದ ಟ್ಯಾಗನ್ನು ಸೆಕ್ರೆಟರಿಯವರ ಕೈಗೆ ಕೊಡಿ, ಗುಂಪಿನಲ್ಲಿ ‘ಟ್ಯಾಗು ಸಿಕ್ಕಿದೆ’ ಎಂದಷ್ಟೇ ಬರೆಯಿರಿ. ಹೊಸ ಟ್ಯಾಗು ಹಂಚುವಾಗಲೂ ಹತ್ತಂಕಿಯನ್ನು ರಿಜಿಸ್ಟರಿಗೆ ಬರೆದುಕೊಂಡ ಮೇಲೆ ಮರಳುಕಾಗದದಿಂದ ಉಜ್ಜಿ ತೆಗೆದು, ಆ ಜಾಗದಲ್ಲಿ ಬರೀ ಕ್ರಮಸಂಖ್ಯೆ ಬರೆದು ಕೊಡಬೇಕು. ಫ್ಲಾಟಿನ ನಂಬರ್ ಮಾತ್ರ ಬರೆಯಲೇಬಾರದು. ಬಸ್ಸಿನಲ್ಲಿ ಬಿದ್ದುಹೋದ ಗೊಂಚಲು ಮನೆಯ ವಿಳಾಸವನ್ನೂ ಹೊತ್ತುಕೊಂಡಿರುವುದು ಬೇಡ.

ಹಾಗಾದರೆ ಯಾವುದು ಕೊಳ್ಳಬೇಕು? ರೀಡರ್ ಹೊಸದಾಗಿ ಹಾಕಿಸುವವರು 13.56 ಮೆಗಾಹರ್ಟ್ಸಿನದನ್ನೇ ಕೇಳಿ. ನಿಮ್ಮಲ್ಲಿ ಈಗ ಇರುವುದು ಯಾವುದೆಂದು ತಿಳಿಯಲು ಎನ್‌ಎಫ್‌ಸಿ (ಹತ್ತಿರ ಹಿಡಿದ ಚಿಪ್ಪನ್ನು ಓದುವ ಸೌಕರ್ಯ) ಇರುವ ಮೊಬೈಲಿನ ಬೆನ್ನಿಗೆ ಟ್ಯಾಗು ಹಿಡಿದರೆ ಸಾಕು. ಮೊಬೈಲ್ ಗುರುತಿಸಿದರೆ 13.56, ಸುಮ್ಮನಿದ್ದರೆ ಬಹುಮಟ್ಟಿಗೆ 125. ಆದರೆ ಈ ಬಗೆಯಲ್ಲೂ ದರ್ಜೆಗಳಿವೆ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಮೈಫೇರ್ ಕ್ಲಾಸಿಕ್‌ನಲ್ಲಿ 1 ಕೆಬಿ ಜಾಗ, 16 ಸೆಕ್ಟರು, ಪ್ರತಿ ಸೆಕ್ಟರಿಗೆ 48 ಬಿಟ್ಟಿನ ಕೀಗಳು, ಅಂದರೆ ಗುಪ್ತ ಸಂಖ್ಯೆಗಳು, ಇವೆ. ಅದರ ಗುಪ್ತಲಿಪಿ ಕ್ರಿಪ್ಟೋ-1 ಹೇಗೆ ಕೆಲಸ ಮಾಡುತ್ತದೆಂದು ಕಾರ್ಸ್ಟೆನ್ ನೋಲ್ ಮತ್ತು ಹೆನ್ರಿಕ್ ಪ್ಲೋಟ್ಸ್ 2007ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮ್ಮೇಳನದಲ್ಲಿ ಬಿಡಿಸಿ ತೋರಿಸಿದರು, 2008ರಲ್ಲಿ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಅದನ್ನು ಪೂರ್ತಿ ಮುರಿದರು. ಅಲ್ಲಿಂದ ಈಚೆಗೆ ಅದನ್ನು ಭದ್ರ ಎಂದು ಮಾರುವುದು ಸರಿಯಲ್ಲ. ಡೆಸ್‌ಫೈರ್ ಟ್ಯಾಗುಗಳು 128 ಬಿಟ್ಟಿನ ಎಇಎಸ್ ಎಂಬ ಗಟ್ಟಿ ಗುಪ್ತಲಿಪಿ ಬಳಸಬಲ್ಲವು, ನಕಲು ಮಾಡುವುದು ಸುಲಭವಲ್ಲ, ಬೆಲೆ ಮಾತ್ರ ನೀಲಿ ಟ್ಯಾಗಿನ ಹಲವು ಪಟ್ಟು.

ಇಲ್ಲೊಂದು ಮೋಸ ಇದೆ, ಗಮನಿಸಿ. ಡೆಸ್‌ಫೈರ್ ಟ್ಯಾಗು ಕೊಟ್ಟು, ಅದರ ಯುಐಡಿ ಎಂಬ ಬಹಿರಂಗ ಸಂಖ್ಯೆಯನ್ನಷ್ಟೇ ಓದುವ ರೀಡರ್ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಎಇಎಸ್ ಕೆಲಸಕ್ಕೇ ಬರುವುದಿಲ್ಲ, ಕೊಟ್ಟ ಹೆಚ್ಚಿನ ದುಡ್ಡು ನೀರಿಗೆ. ಕೊಟೇಶನ್ ಕೇಳುವಾಗ ಒಂದೇ ಪ್ರಶ್ನೆ ಬರಹದಲ್ಲಿ ಕೇಳಿ: ‘ರೀಡರ್ ಯುಐಡಿ ಮಾತ್ರ ಓದುತ್ತದೋ, ಟ್ಯಾಗಿನ ಒಳಗಿನ ಗುಪ್ತ ಕೀ ಪರಿಶೀಲಿಸುತ್ತದೋ?’ ಉತ್ತರ ತಡವರಿಸಿದರೆ ಯುಐಡಿ ಮಾತ್ರ ಎಂದೇ ತಿಳಿಯಿರಿ. ಚಿಕ್ಕ ಕಟ್ಟಡಕ್ಕೆ ಅದೂ ನಡೆಯುತ್ತದೆ, ಆದರೆ ಅದಕ್ಕೆ ತಕ್ಕ ಬೆಲೆ ಕೊಡಿ.

ರಿಜಿಸ್ಟರ್ ಯಾಕೆ ಅಷ್ಟು ಮುಖ್ಯ ಎಂಬುದು ರೀಡರಿಗೆ ಟ್ಯಾಗು ಸೇರಿಸುವ ಕ್ರಮದಲ್ಲಿ ಗೊತ್ತಾಗುತ್ತದೆ. ಈ ಬಗೆಯ ರೀಡರುಗಳಲ್ಲಿ 1000 ಅಥವಾ 2000 ಐಡಿಗಳಿಗೆ, ಅಂದರೆ ಒಂದೊಂದು ಟ್ಯಾಗಿಗೆ ರೀಡರಿನಲ್ಲಿ ಕೊಡುವ ಕ್ರಮಸಂಖ್ಯೆಗಳಿಗೆ, ಜಾಗವಿರುತ್ತದೆ. ಸಾಮಾನ್ಯವಾಗಿ ಸ್ಟಾರ್ ಒತ್ತಿ, ಮಾಸ್ಟರ್ ಕೋಡ್ ಹಾಕಿ, ಹ್ಯಾಶ್ ಒತ್ತಿದರೆ ಪ್ರೋಗ್ರಾಮಿಂಗಿಗೆ ಹೋಗುತ್ತದೆ. ಆಮೇಲೆ 1 ಒತ್ತಿ, ಐಡಿ ಸಂಖ್ಯೆ ಹಾಕಿ, ಹ್ಯಾಶ್ ಒತ್ತಿ, ಟ್ಯಾಗು ತೋರಿಸಿ, ಮತ್ತೆ ಹ್ಯಾಶ್. ಮಾದರಿಗೆ ತಕ್ಕಂತೆ ಕ್ರಮ ಸ್ವಲ್ಪ ಬೇರೆಯಾಗುತ್ತದೆ, ಆದ್ದರಿಂದ ಪೆಟ್ಟಿಗೆಯ ಕೈಪಿಡಿ ಬಿಸಾಡಬೇಡಿ. ಕೂರಿಸಲು ಬಂದವರು ಅವಸರದಲ್ಲಿ ಐಡಿ ಹಾಕುವ ಹಂತ ಬಿಟ್ಟು, 70 ಟ್ಯಾಗುಗಳನ್ನು ಸಾಲಾಗಿ ಒಂದೊಂದೇ ತೋರಿಸಿ ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ರೀಡರ್ ತಾನೇ ಐಡಿ ಕೊಟ್ಟುಕೊಳ್ಳುತ್ತದೆ, ಯಾವುದಕ್ಕೆ ಯಾವುದೆಂದು ಎಲ್ಲೂ ಬರೆದಿರುವುದಿಲ್ಲ. ಆರು ತಿಂಗಳ ನಂತರ ಒಂದು ಟ್ಯಾಗು ಕಳೆದುಹೋದಾಗ ಸಂಕಟ ಶುರು. ಅಳಿಸಲು ಒಂದೋ ಆ ಟ್ಯಾಗು ಕೈಯಲ್ಲಿರಬೇಕು, ಇಲ್ಲವೇ ಅದರ ಐಡಿ ಅಥವಾ ಹತ್ತಂಕಿ ಗೊತ್ತಿರಬೇಕು. ಮೂರೂ ಇಲ್ಲದಿದ್ದರೆ ಉಳಿಯುವ ದಾರಿ ಒಂದೇ: ಎಲ್ಲವನ್ನೂ ಅಳಿಸಿ, 70 ಟ್ಯಾಗುಗಳನ್ನೂ ಬಾಗಿಲಿಗೆ ತರಿಸಿ ಮತ್ತೆ ಸೇರಿಸುವುದು. ಆ ತಲೆನೋವು ಯಾರಿಗೂ ಬೇಡವಾಗಿ ಕಳೆದುಹೋದ ಟ್ಯಾಗು ಹಾಗೇ ಜೀವಂತ ಉಳಿಯುತ್ತದೆ.

ಆದ್ದರಿಂದ ಕೂರಿಸುವ ದಿನ ಒಬ್ಬರು ರಿಜಿಸ್ಟರ್ ಹಿಡಿದು ಪಕ್ಕದಲ್ಲೇ ನಿಲ್ಲಬೇಕು. ಅಂಕಣಗಳು ಇಷ್ಟೇ: ಐಡಿ, ಹತ್ತಂಕಿ, ಫ್ಲಾಟು, ಪಡೆದವರ ಹೆಸರು, ಕೊಟ್ಟ ತಾರೀಕು, ಸಹಿ, ವಾಪಸಾದ ಅಥವಾ ರದ್ದಾದ ತಾರೀಕು. ಮನೆಗೆ ಮೂರು ಟ್ಯಾಗು ಸಾಮಾನ್ಯವಾಗಿ ಸಾಕು, ನಾಲ್ಕನೆಯದು ಬೇಕಾದವರು ಯಾರಿಗೆಂದು ಬರೆದು ಕೇಳಲಿ. ಕಾರ್ಖಾನೆಯಿಂದ ಬಂದ ಮಾಸ್ಟರ್ ಕೋಡನ್ನು ಅದೇ ದಿನ ಬದಲಾಯಿಸಿ, ಏಕೆಂದರೆ ಅದು ಆ ಮಾದರಿಯ ಎಲ್ಲ ಕೈಪಿಡಿಗಳಲ್ಲೂ ಅಚ್ಚಾಗಿರುತ್ತದೆ. ಹೊಸ ಕೋಡು ಇಬ್ಬರಿಗೆ ಗೊತ್ತಿರಲಿ, ಕೂರಿಸಿದವರಿಗೆ ಬೇಡ. ಎಲ್ಲರಿಗೂ ಒಂದೇ ಪಿನ್ ಕೊಟ್ಟು ನಂಬರ್ ಪ್ಯಾಡಿನಲ್ಲಿ ತೆರೆಯುವ ಸೌಕರ್ಯವನ್ನೂ ನಿಲ್ಲಿಸಿಬಿಡಿ. ಹಾಲಿನವರಿಗೆ ಹೇಳಿದ ಪಿನ್ ಒಂದೇ ವಾರದಲ್ಲಿ ಊರಿಗೆಲ್ಲ ಹೇಳಿದಂತೆ, ಆ ನಾಲ್ಕು ಗುಂಡಿಗಳು ಮಾತ್ರ ಸವೆದು ಹೊಳೆಯುವುದರಿಂದ ಹೊಸಬರಿಗೂ ಕಾಣುತ್ತದೆ.

ನಮ್ಮ ಕಡೆಯ ಒಂದು ವಿಶೇಷ ಕಷ್ಟ ಗಲ್ಫ್. ಮಾಲೀಕರು ದುಬೈಯಲ್ಲೋ ಶಾರ್ಜಾದಲ್ಲೋ ಇರುತ್ತಾರೆ, ಟ್ಯಾಗು ಅವರ ಬ್ಯಾಗಿನಲ್ಲೇ ಹೋಗಿರುತ್ತದೆ, ಮನೆ ಬಾಡಿಗೆಗೆ ಹೋಗಿರುತ್ತದೆ, ಹಿಂದಿನ ಬಾಡಿಗೆಯವರ ಟ್ಯಾಗು ಯಾರಲ್ಲೋ ಉಳಿದಿರುತ್ತದೆ. ವರ್ಷಕ್ಕೊಮ್ಮೆ ಎಲ್ಲ ಟ್ಯಾಗುಗಳನ್ನು ಎಣಿಸಿ ನೋಡುವುದಕ್ಕೆ ಜುಲೈ–ಆಗಸ್ಟ್ ಒಳ್ಳೆಯ ಹೊತ್ತು, ಅಲ್ಲಿನ ಶಾಲೆಗಳ ರಜೆಗೆ ಹೆಚ್ಚಿನ ಮನೆಯವರು ಊರಿಗೆ ಬಂದಿರುತ್ತಾರೆ. ಎಣಿಕೆಯಲ್ಲಿ ಕಾಣದ ಟ್ಯಾಗನ್ನು ಅಳಿಸಿ, ಮನೆಯವರಿಗೆ ತಿಳಿಸಿ. ಅವರು ಬಂದ ದಿನ ಹತ್ತಂಕಿ ನೋಡಿ ಮತ್ತೆ ಸೇರಿಸಲು ಎರಡು ನಿಮಿಷ ಸಾಕು.

ಲಾಕಿನ ಬಗ್ಗೆ ದೂರುವುದಕ್ಕೆ ಹೆಚ್ಚೇನಿಲ್ಲ. 600 ಪೌಂಡ್ ಎಂದರೆ ಸುಮಾರು 270 ಕಿಲೋ ಎಳೆತ, ಒಬ್ಬರು ಎಳೆದು ತೆಗೆಯುವಂಥದ್ದಲ್ಲ. ಚಲಿಸುವ ಭಾಗವೇ ಇಲ್ಲದ್ದರಿಂದ ಸವೆಯುವುದೂ ಇಲ್ಲ. ಕೆಡುವುದೆಲ್ಲ ಕೂರಿಸುವುದರಲ್ಲಿ. ಬಾಗಿಲಿಗೆ ಹಾಕುವ ಕಬ್ಬಿಣದ ಪಟ್ಟಿಯ ಹಿಂದೆ ರಬ್ಬರ್ ವಾಷರ್ ಇರಬೇಕು, ಪಟ್ಟಿ ಸ್ವಲ್ಪ ಅಲುಗಾಡುವಂತಿರಬೇಕು. ಬಿಗಿ ಚೆನ್ನಾಗಿರಲಿ ಎಂದು ಸ್ಕ್ರೂ ಪೂರ್ತಿ ತಿರುಗಿಸಿದರೆ ಪಟ್ಟಿ ಲಾಕಿನ ಮುಖಕ್ಕೆ ಸಮನಾಗಿ ಕೂರುವುದಿಲ್ಲ. ಕಾಗದದಷ್ಟು ಸಂದಿ ಬಿದ್ದರೂ ಹಿಡಿತದ ದೊಡ್ಡ ಪಾಲು ಹೋಗುತ್ತದೆ. ಸಮುದ್ರದ ಉಪ್ಪುಗಾಳಿಗೆ ಪಟ್ಟಿ ತುಕ್ಕು ಹಿಡಿದಾಗಲೂ ಹಾಗೆಯೇ. ತಿಂಗಳಿಗೊಮ್ಮೆ ಒಣ ಬಟ್ಟೆಯಿಂದ ಒರೆಸಿ, ಗ್ರೀಸ್ ಹಚ್ಚಬೇಡಿ.

ಎರಡನೆಯ ತಪ್ಪು ತಂತಿ. 12 ವೋಲ್ಟಿನಲ್ಲಿ ಲಾಕು ಸುಮಾರು ಅರ್ಧ ಆಂಪಿಯರ್ ಎಳೆಯುತ್ತದೆ. ಕೈಯಲ್ಲಿದ್ದ ನೆಟ್‌ವರ್ಕ್ ಕೇಬಲ್ಲಿನ ಒಂದೇ ಜೋಡಿ ಎಳೆಯಲ್ಲಿ 15 ಮೀಟರ್ ಒಯ್ದರೆ ಹೋಗಿಬರುವ ದಾರಿ 30 ಮೀಟರ್, ಸುಮಾರು 2.5 ಓಮ್. ಅಲ್ಲಿಗೆ 1.2 ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಖರ್ಚು, ಲಾಕಿಗೆ ತಲುಪುವುದು 11ಕ್ಕಿಂತ ಕಡಿಮೆ. ಬ್ಯಾಟರಿ ಮೇಲೆ ಓಡುವಾಗ ಇನ್ನೂ ಕಡಿಮೆ. 1 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿದರೆ ನಷ್ಟ ಕಾಲು ವೋಲ್ಟಿನ ಸುತ್ತ ನಿಲ್ಲುತ್ತದೆ. ಲಾಕಿನ ತುದಿಯಲ್ಲಿ ಮೀಟರ್ ಹಿಡಿದು ತೋರಿಸಲು ಹೇಳಿ, ಪವರ್ ಸಪ್ಲೈ ಡಬ್ಬಿಯಲ್ಲಿ ತೋರಿಸಿದರೆ ಒಪ್ಪಬೇಡಿ.

ರೀಡರಿಗೆ ನಾವು ಅರ್ಧ ಅಂಕವಷ್ಟೇ ಕೊಡುತ್ತೇವೆ. ಲಾಕನ್ನು ಬಿಡುವ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು) ಈ ಅಗ್ಗದ ಮಾದರಿಗಳಲ್ಲಿ ಹೊರಗೋಡೆಯ ರೀಡರಿನ ಒಳಗೇ ಇದೆ. ಸ್ಕ್ರೂ ಬಿಚ್ಚಿ ತಂತಿ ಮುಟ್ಟಿದವರಿಗೆ ಟ್ಯಾಗಿನ ಅಗತ್ಯವೇ ಇಲ್ಲ. ರಿಲೇ ಮತ್ತು ನಿರ್ಧಾರ ಎರಡೂ ಕಂಟ್ರೋಲರ್ ಎಂಬ ಒಳಗಿನ ನಿಯಂತ್ರಣ ಡಬ್ಬಿಯಲ್ಲಿದ್ದು, ಹೊರಗೆ ಬರೀ ಓದುವ ಮುಖ ಇರುವ ಸೆಟ್ಟಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಡುವುದು ಖಂಡಿತ ಲಾಭ. ಇಂಥವು ಹೆಚ್ಚಾಗಿ ವೀಗಂಡ್ ಎಂಬ 26 ಬಿಟ್ಟಿನ ಹಳೆಯ ಪದ್ಧತಿಯಲ್ಲಿ ಮಾತಾಡುತ್ತವೆ, ದೊಡ್ಡ ಕಟ್ಟಡದವರು ಗುಪ್ತಲಿಪಿಯಲ್ಲಿ ಮಾತಾಡುವ ಓಎಸ್‌ಡಿಪಿ ಕೇಳಬಹುದು. ಈಗಾಗಲೇ ಅಗ್ಗದ್ದನ್ನೇ ಹಾಕಿಸಿ ಆಗಿದ್ದರೆ, ತೆಗೆದಾಗ ಕೂಗುವ ಟ್ಯಾಂಪರ್ ಅಲಾರ್ಮ್ ಚಾಲೂ ಇದೆಯೇ ಎಂದಾದರೂ ನೋಡಿ. ಮಳೆಗಾಲದ ಮಾತೂ ಇದೆ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆಯಲ್ಲಿ ಮುರಕಲ್ಲಿನ ಗೋಡೆ ನೀರು ಕುಡಿಯುತ್ತದೆ, ಆ ತೇವ ರೀಡರಿನ ಬೆನ್ನಿನ ತೂತಿನಿಂದ ಒಳಗೆ ಹೋಗುತ್ತದೆ. ಐಪಿ65 ಎಂದು (ಧೂಳು, ನೀರು ತಡೆಯುವ ದರ್ಜೆ) ಬರೆದಿರುವುದು ಎದುರಿನ ನೀರಿಗೆ ಸಾಕು, ಬೆನ್ನಿನ ತೂತಿಗೆ ಸಿಲಿಕಾನ್ ನಾವೇ ತುಂಬಿಸಬೇಕು, ಮೇಲೊಂದು ಚಿಕ್ಕ ತಗಡಿನ ಮಾಡು ಹಾಕಿಸಬೇಕು.

ಇನ್ನು ಕರೆಂಟು. ಮ್ಯಾಗ್ನೆಟಿಕ್ ಲಾಕಿಗೆ ಕರೆಂಟು ನಿಂತರೆ ಬಾಗಿಲು ಬಿಟ್ಟುಕೊಳ್ಳುತ್ತದೆ. ಇದು ದೋಷವಲ್ಲ, ಬೆಂಕಿ ಬಿದ್ದಾಗ ಜನ ಹೊರಗೆ ಬರಬೇಕಲ್ಲ, ಅದಕ್ಕೇ ಹೀಗೆ ಮಾಡಿದ್ದಾರೆ. ಹೊರಹೋಗುವ ಬಾಗಿಲು ಒಳಗಿನಿಂದ ಕೀ ಇಲ್ಲದೆ ತೆರೆಯುವಂತಿರಬೇಕು ಎಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಅಗ್ನಿ ಸುರಕ್ಷತೆಯ ಭಾಗವೂ ಹೇಳುತ್ತದೆ. ಹಾಗಾಗಿ ಹಸಿರು ಡಬ್ಬಿ ಲಾಕಿಗೆ ಹೋಗುವ ತಂತಿಯನ್ನೇ ನೇರವಾಗಿ ಕಡಿಯಬೇಕು, ರೀಡರಿಗೆ ‘ತೆರೆ’ ಎಂದು ಹೇಳುವ ಎಕ್ಸಿಟ್ ಬಟನ್ನಿನ ತಂತಿಗೆ ಅದನ್ನು ಸೇರಿಸಿದ್ದರೆ ರೀಡರ್ ಕೆಟ್ಟ ದಿನ ಅದೂ ಕೆಟ್ಟಂತೆಯೇ. ಪರೀಕ್ಷೆ ಸುಲಭ: ರೀಡರಿನ ಕರೆಂಟು ತಪ್ಪಿಸಿ, ಲಾಕು ಹಿಡಿದಿರುವಾಗ ಹಸಿರು ಡಬ್ಬಿ ಒತ್ತಿ. ಬಾಗಿಲು ಬಿಡಲೇಬೇಕು. ಫೈರ್ ಅಲಾರ್ಮ್ ಇರುವ ಕಟ್ಟಡದಲ್ಲಿ ಅದರ ರಿಲೇಯೂ ಇದೇ ತಂತಿಯನ್ನು ಕಡಿಯುವಂತೆ ಜೋಡಿಸಿರಬೇಕು.

ಲಾಕು ಅರ್ಧ ಆಂಪಿಯರ್, ರೀಡರ್ ಸುಮಾರು 0.1. ಹೊಸ 7 ಎಎಚ್ ಬ್ಯಾಟರಿ ಲೆಕ್ಕದಲ್ಲಿ ಹನ್ನೊಂದು ಗಂಟೆ, ನೆಚ್ಚಬಹುದಾದದ್ದು ಎಂಟು. ಆದರೆ ಮೆಟ್ಟಿಲ ಕೆಳಗಿನ ಸೆಕೆಯಲ್ಲಿ ಸೀಲ್ಡ್ ಬ್ಯಾಟರಿ ಬೇಗ ಮುದಿಯಾಗುತ್ತದೆ, ಸರಾಸರಿ ಬಿಸಿ ಹತ್ತು ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧ. ಮೂರು ವರ್ಷ ದಾಟಿದ್ದು ಎರಡು ಗಂಟೆಯೂ ನಿಲ್ಲದಿರಬಹುದು, ಅದು ಗೊತ್ತಾಗುವುದು ಜೂನಿನ ಗಾಳಿಮಳೆಗೆ ರಾತ್ರಿ ಲೈನು ಹೋದಾಗ. ಬ್ಯಾಟರಿಯ ಮೇಲೆ ಹಾಕಿದ ತಾರೀಕು ಮಾರ್ಕರಿನಲ್ಲಿ ಬರೆಯಿರಿ. ಮೂರು ತಿಂಗಳಿಗೊಮ್ಮೆ ಮಧ್ಯಾಹ್ನ ಒಂದು ಗಂಟೆ ಮೇನ್ಸ್ ಆಫ್ ಮಾಡಿ ವೋಲ್ಟೇಜ್ ಅಳೆಯಿರಿ, 12ಕ್ಕಿಂತ ಕೆಳಗಿಳಿದಿದ್ದರೆ ಬದಲಿಸಿ. ಬ್ಯಾಕಪ್ ಮುಗಿದ ರಾತ್ರಿ ಬಾಗಿಲಿಗೆ ಸರಪಳಿ ಹಾಕಿ ಬೀಗ ಜಡಿಯುವ ಯೋಚನೆ ಮಾತ್ರ ಬೇಡ. ಕಳ್ಳರ ಹೆದರಿಕೆಗೆ ಇಪ್ಪತ್ತು ಮನೆಯವರನ್ನು ಒಳಗೆ ಕೂಡಿಹಾಕಿದಂತಾಗುತ್ತದೆ. ಒಬ್ಬರು ಕಾವಲು ಕೂರುವುದೇ ಸರಿ.

ಯಂತ್ರ ಎಷ್ಟೇ ಒಳ್ಳೆಯದಿರಲಿ, ಅದನ್ನು ಸೋಲಿಸಲು ಬಾಗಿಲ ಸಂದಿಗಿಟ್ಟ ಒಂದು ಮುರಕಲ್ಲಿನ ತುಂಡು ಸಾಕು. ಗ್ಯಾಸ್ ಸಿಲಿಂಡರ್ ತರುವಾಗ, ಮನೆ ಸಾಮಾನು ಸಾಗಿಸುವಾಗ ಇಟ್ಟ ಕಲ್ಲು ಸಂಜೆಯ ತನಕ ಅಲ್ಲೇ ಇರುತ್ತದೆ. ಸಾಮಾನು ಸಾಗಿಸುವ ದಿನ ಒಬ್ಬರು ಬಾಗಿಲಲ್ಲೇ ನಿಲ್ಲಲಿ. ಬಾಗಿಲಿಗೆ ಒಂದು ಡೋರ್ ಸೆನ್ಸರ್ ಹಾಕಿಸಿ, 30 ಸೆಕೆಂಡಿಗಿಂತ ಹೆಚ್ಚು ತೆರೆದಿದ್ದರೆ ಕೂಗುವಂತೆ ಇಟ್ಟರೆ ಕಲ್ಲು ತಾನಾಗಿ ಮಾಯವಾಗುತ್ತದೆ. ಡೋರ್ ಕ್ಲೋಸರಿನ ಎರಡು ಸ್ಕ್ರೂಗಳಲ್ಲಿ ಒಂದು ಬಾಗಿಲು ಬೀಸುವ ವೇಗಕ್ಕೆ, ಇನ್ನೊಂದು ಕೊನೆಯ ಒಂದು ಗೇಣಿನ ವೇಗಕ್ಕೆ. ಎರಡನೆಯದು ತೀರಾ ನಿಧಾನವಾಗಿದ್ದರೆ ಪಡುಗಾಳಿ ಬೀಸುವಾಗ ಬಾಗಿಲು ಲಾಕಿನ ತನಕ ಬಾರದೆ ನಿಲ್ಲುತ್ತದೆ.

ಹಿಂದಿನಿಂದ ಬಂದವರಿಗೆ ಬಾಗಿಲು ಹಿಡಿದುಕೊಳ್ಳುವುದು ನಮ್ಮಲ್ಲಿ ಮರ್ಯಾದೆ. ಅದನ್ನು ಬಿಡಬೇಕೆಂದಿಲ್ಲ, ಪರಿಚಯ ಇಲ್ಲದವರಾದರೆ ‘ಯಾರ ಮನೆಗೆ ಬಂದದ್ದು?’ ಎಂದು ಕೇಳಿ, ಆ ಮನೆಗೆ ಫೋನ್ ಮಾಡಿ ಬಿಡಿ. ಕೆಲಸಕ್ಕೆ ಬರುವವರಿಗೆ ನಿಮ್ಮ ಟ್ಯಾಗು ಕೊಡುವ ಬದಲು ಅವರ ಹೆಸರಲ್ಲೇ ಒಂದು ಮಾಡಿಸಿ, ಏನಾದರೂ ಆದಾಗ ಅವರ ಮೇಲೂ ಸುಮ್ಮನೆ ಅನುಮಾನ ಬರುವುದಿಲ್ಲ. ಟ್ಯಾಗು ಕಳೆದರೆ ‘ಸಿಗಬಹುದು, ನೋಡುವ’ ಎಂದು ಕಾಯದೆ ಅದೇ ದಿನ ಹೇಳಿ. ಹೇಳಿದವರಿಗೆ ದಂಡ ಹಾಕುವ ಅಸೋಸಿಯೇಶನ್ನುಗಳಿವೆ, ಅದು ತೀರ ತಪ್ಪು. ದಂಡಕ್ಕೆ ಹೆದರಿ ಜನ ಮುಚ್ಚಿಡುತ್ತಾರೆ. ಟ್ಯಾಗಿನ ಬೆಲೆಯಷ್ಟೇ ತೆಗೆದುಕೊಳ್ಳಿ.

ಕಂಟ್ರೋಲರ್ ಇರುವ ಸೆಟ್ಟು ಯಾರು ಎಷ್ಟು ಹೊತ್ತಿಗೆ ಬಂದರೆಂದು ದಾಖಲಿಸುತ್ತದೆ. ಕಳ್ಳತನದಂಥ ಕಾರಣ ಇಲ್ಲದೆ ಅದನ್ನು ತೆರೆಯಬಾರದು, ತೆರೆಯುವಾಗ ಇಬ್ಬರು ಇರಬೇಕು, ಮೂರು ತಿಂಗಳಿಗಿಂತ ಹಳೆಯದನ್ನು ಅಳಿಸಬೇಕು. ಯಾರ ಮಗಳು ಎಷ್ಟು ಹೊತ್ತಿಗೆ ಮನೆಗೆ ಬಂದಳೆಂದು ನೋಡುವುದಕ್ಕೆ ಈ ಯಂತ್ರ ತಂದದ್ದಲ್ಲ.

ಬಾಗಿಲ ಬಳಿಯ ಸೂಚನೆ ಮಲಯಾಳದಲ್ಲೂ ಕನ್ನಡದಲ್ಲೂ ಇರಲಿ. ಹಸಿರು ಡಬ್ಬಿಯ ಮೇಲೆ ಇಂಗ್ಲಿಷ್ ಮಾತ್ರ ಇದ್ದರೆ ಹೊಗೆ ತುಂಬಿದ ಹೊತ್ತಿನಲ್ಲಿ ಮೂರನೆಯ ಮಹಡಿಯ ಅಜ್ಜಿಗೆ ಅದರಿಂದ ಪ್ರಯೋಜನವಿಲ್ಲ. ‘ಬೆಂಕಿ ಬಿದ್ದರೆ ಇದನ್ನು ಒತ್ತಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದರೆ ಮುಗಿಯಿತು.

ಮನೆ ಖಾಲಿ ಮಾಡುವವರ ಅಡ್ವಾನ್ಸ್ ಹಿಂದೆ ಕೊಡುವ ಮೊದಲು ರಿಜಿಸ್ಟರ್ ತೆರೆದು, ಅವರ ಹೆಸರಲ್ಲಿರುವ ಟ್ಯಾಗುಗಳೆಲ್ಲ ಬಂದವೇ ನೋಡಿ. ಬಂದದ್ದಾಗಲಿ, ಬಾರದ್ದಾಗಲಿ, ಎಲ್ಲ ಐಡಿಗಳನ್ನೂ ಅಳಿಸಿ, ಏಕೆಂದರೆ ವಾಪಸಾದ ಟ್ಯಾಗಿನ ನಕಲು ಇನ್ನೆಲ್ಲೋ ಇರಬಹುದು. ಆ ಸಂಖ್ಯೆಯನ್ನು ಮುಂದಿನ ಬಾಡಿಗೆಯವರಿಗೆ ಮತ್ತೆ ಕೊಡಬೇಡಿ, ಹೊಸ ಟ್ಯಾಗನ್ನೇ ಕೊಡಿ. ಅಳಿಸಿದ ಟ್ಯಾಗನ್ನು ರೀಡರಿಗೆ ಒಮ್ಮೆ ಹಿಡಿದು ನೋಡಿ. ರೀಡರ್ ನಿರಾಕರಿಸಿ ಬಾಗಿಲು ಬಿಡದಿದ್ದರೆ ಮಾತ್ರ ರಿಜಿಸ್ಟರಿನ ಕೊನೆಯ ಅಂಕಣದಲ್ಲಿ ತಾರೀಕು ಬರೆಯಿರಿ.